ಮುಚ್ಚಿದ ಮುಖಕ್ಕೆ ಬಣ್ಣದ ಗುರುತು

ಸೇಡಂ ತಾಲ್ಲೂಕಿನ ಕುರಕುಂಟಾ ಗ್ರಾಮದ ಹೆಸರನ್ನು ವಾಚಕರಲ್ಲಿ ಕೆಲವರು ಸಿಮೆಂಟಿನ ಸಂಬಂಧದಿಂದ ಕೇಳಿರಬಹುದು. ಭಾರತ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನಿನ ಒಂದು ಕಾರ್ಖಾನೆ 1970ರ ದಶಕದಲ್ಲಿ ಇಲ್ಲಿ ಆರಂಭವಾಗಿ, 1990ರ ದಶಕದ ಕೊನೆಯಲ್ಲಿ ನಿಂತುಹೋಯಿತು. ನಾವು ಹುಡುಗರಾಗಿದ್ದಾಗ ಪಾಳಿ ಬಿಡುವ ಭೋಂಗಾ ಕೂಗಿದೊಡನೆ ರಸ್ತೆಯ ಬದಿಗೆ ಬಂದು ನಿಲ್ಲುವುದಿತ್ತು. ಕಾರ್ಮಿಕರ ತಲೆಯ ಮೇಲೆ ಹಳದಿ ಟೊಪ್ಪಿಗೆ, ಮೈಮೇಲೆ ಬೂದುಬಣ್ಣದ ದೂಳು. ಯಾರ ತಂದೆ ಯಾರೆಂದು ಹತ್ತಿರ ಬರುವ ತನಕ ತಿಳಿಯುತ್ತಿರಲಿಲ್ಲ. ಅವರಲ್ಲಿ ಒಬ್ಬಾತ ಮಾತ್ರ ತನ್ನ ಟೊಪ್ಪಿಗೆಯ ಹಿಂದೆಯೂ ಮುಂದೆಯೂ ಕೆಂಪು ಬಣ್ಣದಲ್ಲಿ ಒಂದೊಂದು ನಕ್ಷತ್ರವನ್ನು ಬರೆದುಕೊಂಡಿದ್ದ. ಅವನ ಮಗ ನಮ್ಮೆಲ್ಲರಿಗಿಂತ ಮೊದಲೇ ಗುರುತು ಹಿಡಿದು ಓಡುತ್ತಿದ್ದ. ಉಳಿದವರು ಕಾಯುತ್ತಿದ್ದೆವು.

ಆ ನಕ್ಷತ್ರವನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನು ಮತ್ತೆ ನೆನಪಿಗೆ ತಂದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಲಾರಿಗಳ ಹಣೆಗೆ ಹೂಬಳ್ಳಿ, ಅಂಗಡಿಗಳಿಗೆ ನಾಮಫಲಕ ಬರೆದು ಜೀವನ ಸಾಗಿಸುತ್ತಿದ್ದವನು. ಛಾಪಿಸಿದ ಪ್ಲಾಸ್ಟಿಕ್ ಹಾಳೆಯ ಫಲಕಗಳು ಬಂದ ಮೇಲೆ ಕುಂಚದ ಕೆಲಸ ಕಡಿಮೆಯಾಯಿತೆಂದು ಬೇರೆ ದಾರಿ ಹುಡುಕಿದ. ಒಂದು ದಿನ ಅವನ ಅಂಗಡಿಯಲ್ಲಿ ಮೋಟರ್ ಸೈಕಲ್ ಪಂದ್ಯದವರು ಧರಿಸುವಂಥ ದೊಡ್ಡ ಹೆಲ್ಮೆಟ್ಟೊಂದು ಮರದ ಗೂಟದ ಮೇಲೆ ಕುಳಿತಿತ್ತು. ಲೇಖನಿಯಂಥ ಒಂದು ಉಪಕರಣದಿಂದ ಅವನು ಅದರ ಮೇಲೆ ಗರುಡನ ರೆಕ್ಕೆಯನ್ನು ಬಿಡಿಸುತ್ತಿದ್ದ. ಉಪಕರಣದ ತುದಿ ಹೆಲ್ಮೆಟ್ಟನ್ನು ಮುಟ್ಟುತ್ತಿರಲಿಲ್ಲ. ಗಾಳಿಯೇ ಬಣ್ಣವನ್ನು ಒಯ್ದು ಹಚ್ಚುತ್ತಿತ್ತು.

“ಇದೆಲ್ಲಾ ಯಾತರ ಶೋಕಿನೋ ತಮ್ಮಾ?” ಎಂದೆ.

“ಶೋಕಿ ಅಲ್ರೀ ಸರ್. ಮಾರಿ ಮುಚ್ಚಿದ ಮ್ಯಾಲ ಆಂವ ಯಾರು ಅಂತ ಗೊತ್ತಾಗಬೇಕಲ್ರೀ?” ಎಂದ.

ನಾನು ಕೇಳಿದ್ದು ಮೇಷ್ಟರ ಪ್ರಶ್ನೆ. ಅವನು ಕೊಟ್ಟದ್ದು ಇತಿಹಾಸದ ಉತ್ತರ. ಅದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹೆಲ್ಮೆಟ್ ಎಂಬ ಇಂಗ್ಲಿಷ್ ಮಾತು ಈಗ ನಮ್ಮದೇ ಆಗಿದೆ. ಆದರೆ ವಸ್ತು ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ಶಿರಸ್ತ್ರಾಣವೆಂದೂ ಹಳಗನ್ನಡ ನಡುಗನ್ನಡಗಳಲ್ಲಿ ಸೀಸಕವೆಂದೂ ಅದಕ್ಕೆ ಹೆಸರು. ಮೈಗೆ ಜೋಡು, ತಲೆಗೆ ಸೀಸಕ. ಇವೆರಡನ್ನು ತೊಟ್ಟ ವೀರನ ಗುರುತು ಹಿಡಿಯುವುದು ಹೇಗೆ? ಮಹಾಭಾರತವನ್ನು ಬಲ್ಲವರಿಗೆ ಉತ್ತರ ಗೊತ್ತು. ವಿರಾಟಪರ್ವದಲ್ಲಿ ಬೃಹನ್ನಳೆಯಾಗಿದ್ದ ಅರ್ಜುನನು ಉತ್ತರಕುಮಾರನಿಗೆ ಕೌರವಸೇನೆಯ ಮಹಾರಥರನ್ನು ತೋರಿಸುವಾಗ ಮುಖಗಳನ್ನು ನೋಡಿ ಹೇಳುವುದಿಲ್ಲ, ಧ್ವಜಗಳನ್ನು ನೋಡಿ ಹೇಳುತ್ತಾನೆ. ಭೀಷ್ಮನದು ತಾಳಧ್ವಜ, ದ್ರೋಣನ ಬಾವುಟದಲ್ಲಿ ಕಮಂಡಲು, ಅರ್ಜುನನದು ಕಪಿಧ್ವಜ. ದುರ್ಯೋಧನನಿಗೆ ಹಾವಿನ ಗುರುತು. ಆದುದರಿಂದಲೇ ನಮ್ಮ ಕವಿಗಳು ಅವನನ್ನು ಪನ್ನಗಕೇತನನೆಂದು ಕರೆದರು. ಗುರುತೇ ಹೆಸರಾಯಿತು ಎಂಬುದನ್ನು ವಾಚಕರು ಗಮನಿಸಬೇಕು. ಕುರಕುಂಟೆಗೆ ದೂರವಲ್ಲದ ಮಳಖೇಡದಿಂದ, ಎಂದರೆ ಮಾನ್ಯಖೇಟದಿಂದ, ಆಳಿದ ರಾಷ್ಟ್ರಕೂಟರ ಲಾಂಛನ ಗರುಡ. ನನ್ನ ಶಿಷ್ಯನ ಕೈಯಲ್ಲಿ ಮೂಡುತ್ತಿದ್ದ ಗರುಡನಿಗೆ ಆ ವಂಶದ ನೆನಪಿತ್ತೆಂದು ನಾನು ಹೇಳಲಾರೆ. ಹಕ್ಕಿ ಮಾತ್ರ ಅದೇ.

ಯೂರೋಪಿನಲ್ಲಿಯೂ ಸಂಗತಿ ಹೀಗೆಯೇ ನಡೆಯಿತು. 1066ರ ಹೇಸ್ಟಿಂಗ್ಸ್ ಯುದ್ಧದಲ್ಲಿ ನಾರ್ಮಂಡಿಯ ವಿಲಿಯಂ ಸತ್ತನೆಂಬ ಗುಲ್ಲೆದ್ದು ಸೈನ್ಯ ಚದುರತೊಡಗಿದಾಗ ಅವನು ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ಮುಖ ತೋರಿಸಬೇಕಾಯಿತು. ಬಾಯೋ ನಗರದ ಪ್ರಸಿದ್ಧ ಕಸೂತಿ ಪಟದಲ್ಲಿ ಈ ದೃಶ್ಯವಿದೆ. ಮುಂದಿನ ಶತಮಾನದಲ್ಲಿ ಗುರಾಣಿಯ ಮೇಲೆ ವಂಶದ ಚಿಹ್ನೆಯನ್ನು ಬಣ್ಣದಲ್ಲಿ ಬರೆಯುವ ಪದ್ಧತಿ ಬೇರೂರಿತು. ಶಿರಸ್ತ್ರಾಣದ ಮೇಲೆ ಶಿಖೆಗಳು ಬಂದುವು. ಕಾಳಗ ಆಟವಾಗಿ ಮಾರ್ಪಟ್ಟಾಗಲೂ ಗುರುತು ಉಳಿಯಿತು. ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ 1762ರಲ್ಲಿ ಕುದುರೆಯ ಒಡೆಯರು ತಮ್ಮ ತಮ್ಮ ಬಣ್ಣಗಳನ್ನು ಗೊತ್ತುಪಡಿಸಿಕೊಂಡರು. ಆ ಸಂಪ್ರದಾಯವೇ ಮುಂದೆ ನಮ್ಮ ಮೈಸೂರು, ಬೆಂಗಳೂರುಗಳ ಕುದುರೆ ಪಂದ್ಯಗಳಿಗೂ ಬಂದಿತು. ಸವಾರನ ಅಂಗಿ ಟೊಪ್ಪಿಗೆಗಳ ಬಣ್ಣ ನೋಡಿಯೇ ಜನ ಕೂಗುವುದು.

ಮೋಟಾರು ಪಂದ್ಯಕ್ಕೆ ಬಂದರೆ, ಆರಂಭದಲ್ಲಿ ಹೆಲ್ಮೆಟ್ಟೇ ಇರಲಿಲ್ಲ. ಬಟ್ಟೆಯ ಟೊಪ್ಪಿಗೆ ಅಥವಾ ತೊಗಲಿನ ಕುಲಾವಿ, ಕಣ್ಣಿಗೆ ಕನ್ನಡಕ. ಇಷ್ಟೇ ಸವಾರನ ಸನ್ನಾಹ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಬಯಲಿನಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್ನರ್ ಎಂಬವರು ತಲೆಯೊಡೆದು ಬರುವವರನ್ನು ಕಂಡು ಮರುಗಿ, ಕ್ಯಾನ್ವಾಸು ಬಟ್ಟೆಗೆ ಅರಗು ಹಾಕಿ ಗಟ್ಟಿ ಟೊಪ್ಪಿಗೆಗಳನ್ನು ಮಾಡಿಸಿದರು. 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಅವು ಬಳಕೆಗೆ ಬಂದುವು. 1935ರಲ್ಲಿ ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಸೇನಾನಿ ಮೋಟರ್ ಸೈಕಲ್ಲಿನಿಂದ ಬಿದ್ದು ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನ ಬಳಿ ಇದ್ದ ಶಸ್ತ್ರವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸೈನ್ಯದ ಮೋಟರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಪರೀಕ್ಷಿಸಿ, ಹೆಲ್ಮೆಟ್ಟು ಪ್ರಾಣವನ್ನು ಉಳಿಸುತ್ತದೆಂದು 1941ರಲ್ಲಿ ಬರೆದು ತೋರಿಸಿದರು. ಇಂದು ನಮ್ಮ ಕಾಯಿದೆ ಹೆಲ್ಮೆಟ್ಟನ್ನು ಕಡ್ಡಾಯವೆನ್ನುವುದರ ಹಿಂದೆ ಇಂಥವರ ಶ್ರಮವಿದೆ.

ಕಾರಿನ ಓಟಗಾರರು 1950ರ ದಶಕದಲ್ಲಿ ಹೆಲ್ಮೆಟ್ ಧರಿಸುವುದು ನಿಯಮವಾಯಿತು. ಆಗಿನ ಹೆಲ್ಮೆಟ್ಟು ನೆತ್ತಿ ಕಿವಿಗಳನ್ನು ಕಾಯುತ್ತಿತ್ತೇ ವಿನಾ ಮುಖ ತೆರೆದೇ ಇರುತ್ತಿತ್ತು. ಆದರೂ ಕೆಲವರು ಅದರ ಮೇಲೆ ತಮ್ಮ ಗುರುತು ಬರೆಸಿಕೊಂಡರು. ಗ್ರಹಾಂ ಹಿಲ್ ತಾನು ಹುಟ್ಟು ಹಾಕುತ್ತಿದ್ದ ಲಂಡನ್ ದೋಣಿ ಸಂಘದ ಬಣ್ಣಗಳನ್ನು, ಕಡುನೀಲಿಯ ಮೇಲೆ ಬಿಳಿಯ ಪಟ್ಟಿಗಳನ್ನು, ತಲೆಯ ಮೇಲೆ ಹೊತ್ತ. ಮುಂದೆ ಅವನ ಮಗ ಡೇಮನ್ ಹಿಲ್ಲನೂ ಅದನ್ನೇ ಧರಿಸಿ ಗೆದ್ದ. ಸ್ಕಾಟ್ಲೆಂಡಿನ ಜಾಕಿ ಸ್ಟೂವರ್ಟ್ ಬಿಳಿಯ ಹೆಲ್ಮೆಟ್ಟಿನ ಸುತ್ತ ತನ್ನ ಕುಲದ ಚೌಕುಳಿ ಬಟ್ಟೆಯ ವಿನ್ಯಾಸವನ್ನು ಹಾಕಿಸಿಕೊಂಡ.

ಈ ಕಥೆಯಲ್ಲಿ 1968ನೆಯ ವರ್ಷ ಮುಖ್ಯವಾದುದು. ಅದುವರೆಗೆ ಪಂದ್ಯದ ಕಾರುಗಳು ದೇಶದ ಬಣ್ಣವನ್ನು ತೊಡುತ್ತಿದ್ದುವು: ಇಂಗ್ಲೆಂಡಿಗೆ ಹಸುರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ. ಆ ವರ್ಷ ಲೋಟಸ್ ತಂಡ ಒಂದು ಸಿಗರೇಟಿನ ಹೆಸರು ಬಣ್ಣಗಳನ್ನು ಕಾರಿಗೆ ಬಳಿದು ಓಡಿಸಿತು. ಕಾರಿನ ಮೈ ಜಾಹೀರಾತಿನ ಪಾಲಾಯಿತು. ಅದೇ ವರ್ಷ ಅಮೆರಿಕದ ಡ್ಯಾನ್ ಗರ್ನಿ ಗಲ್ಲದ ತನಕ ಮುಚ್ಚುವ ಹೊಸ ಹೆಲ್ಮೆಟ್ಟನ್ನು ಧರಿಸಿ ಪಂದ್ಯಕ್ಕೆ ಇಳಿದ. ಕೆಲವು ವರ್ಷಗಳಲ್ಲಿ ಎಲ್ಲರೂ ಅದನ್ನೇ ಅನುಸರಿಸಿದರು. ಹೀಗೆ ಓಟಗಾರನಿಗೆ ಮುಖವೂ ಕಾಣಿಸದಾಯಿತು, ವಾಹನದ ಬಣ್ಣವೂ ತನ್ನದಲ್ಲದಾಯಿತು. ಅವನದೆಂದು ಹೇಳಿಕೊಳ್ಳಲು ಉಳಿದುದು ತಲೆಯ ಮೇಲಿನ ಒಂದು ಮೊಳದಷ್ಟು ದುಂಡಗಿನ ಜಾಗ ಮಾತ್ರ. ಆ ಜಾಗವನ್ನು ತುಂಬಲು ಕುಂಚಕ್ಕಿಂತ ಸೂಕ್ಷ್ಮವಾದ ಸಾಧನವೊಂದು ಅಷ್ಟರಲ್ಲಿ ಸಿದ್ಧವಾಗಿತ್ತು. ಅದೇ ಏರ್‌ಬ್ರಶ್, ನಾವು ಬೇಕಾದರೆ ಗಾಳಿಕುಂಚವೆನ್ನೋಣ.

ಗಾಳಿಯಿಂದ ಬಣ್ಣ ಹಚ್ಚುವ ವಿದ್ಯೆ ಮನುಷ್ಯನಷ್ಟೇ ಹಳೆಯದು. ಇಂಡೊನೇಷಿಯದ ಸುಲವೇಸಿ ದ್ವೀಪದ ಗುಹೆಗಳಲ್ಲಿ ಕೈಯನ್ನು ಬಂಡೆಗೆ ಒತ್ತಿ ಸುತ್ತಲೂ ಕೆಮ್ಮಣ್ಣನ್ನು ಊದಿ ಮೂಡಿಸಿದ ಅಂಗೈ ಗುರುತುಗಳಿವೆ. ಅವುಗಳಲ್ಲಿ ಕೆಲವು 40,000 ವರ್ಷಗಳಷ್ಟು ಹಳೆಯವು. ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಯ ಮೇಲೆ ತುಂತುರಾಗಿ ಚಿಮ್ಮಿಸಿ ಇಸ್ತ್ರಿ ಮಾಡುತ್ತಿದ್ದವರನ್ನು ನಮ್ಮಲ್ಲಿ ಹಿರಿಯರು ನೋಡಿದ್ದಾರೆ. ಸೊಳ್ಳೆಗೆ ಔಷಧ ಹೊಡೆಯುವ ತಗಡಿನ ಫ್ಲಿಟ್ ಪಂಪು ಮನೆಮನೆಯಲ್ಲೂ ಇತ್ತು. ಹಿಡಿಯನ್ನು ಒತ್ತಿದರೆ ಗಾಳಿ ಸಣ್ಣ ರಂಧ್ರದಿಂದ ವೇಗವಾಗಿ ಹೊರಡುತ್ತದೆ. ಆ ವೇಗದಿಂದ ನಳಿಗೆಯ ಬಾಯಲ್ಲಿ ಒತ್ತಡ ಕುಗ್ಗುತ್ತದೆ. ಕೆಳಗಿನ ಡಬ್ಬಿಯ ಔಷಧ ಮೇಲೇರಿ ಹನಿಹನಿಯಾಗಿ ಒಡೆಯುತ್ತದೆ. ಗಾಳಿಕುಂಚದ ತತ್ವ ಇದಕ್ಕಿಂತ ಬೇರೆಯಲ್ಲ.

ಅದನ್ನು ಚಿತ್ರಗಾರನ ಕೈಗೆ ಒಗ್ಗುವಂತೆ ಮಾಡಿದವರು ಅಮೆರಿಕದವರು. 1870ರ ದಶಕದ ಕೊನೆಯಲ್ಲಿ ಅಯೋವ ಸಂಸ್ಥಾನದ ಆಬ್ನರ್ ಪೀಲರ್ ಎಂಬಾತ ಇಂಥ ಒಂದು ಬಣ್ಣ ಹಂಚುವ ಯಂತ್ರವನ್ನು ಕಟ್ಟಿದ. ಲಿಬರ್ಟಿ ವಾಕಪ್ ಎಂಬಾತ ಅದರ ಹಕ್ಕನ್ನು ಕೊಂಡು ತಿದ್ದಿ ಮಾರಾಟಕ್ಕೆ ತಂದ. 1893ರಲ್ಲಿ ಚಾರ್ಲ್ಸ್ ಬರ್ಡಿಕ್ ಅದಕ್ಕೆ ಲೇಖನಿಯ ಆಕಾರ ಕೊಟ್ಟ. ಇಂದಿನ ಉಪಕರಣ ಬಹುಮಟ್ಟಿಗೆ ಅದರ ಸಂತತಿಯೇ. ಮೊದಮೊದಲು ಅದರ ಕೆಲಸ ಭಾವಚಿತ್ರಗಳನ್ನು ತಿದ್ದುವುದು. ದೊಡ್ಡಣ್ಣನಂಥ ಇನ್ನೊಂದು ಉಪಕರಣ, ಎಂದರೆ ಕಾರು ಲಾರಿಗಳಿಗೆ ಬಣ್ಣ ಹೊಡೆಯುವ ಸ್ಪ್ರೇ ಗನ್, ವೈದ್ಯರ ಮನೆಯಿಂದ ಬಂತು. ಒಹಾಯೋ ಸಂಸ್ಥಾನದ ಡಾಕ್ಟರ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಮಾಡಿದ ಸಾಧನವನ್ನು ಅವರ ಮಗ 1907ರಲ್ಲಿ ಬಣ್ಣಕ್ಕೆ ಹೊಂದಿಸಿದನು.

ಇನ್ನು ಕೆಲಸದ ರೀತಿ. ಗಾಳಿಕುಂಚದ ಒಳಗೆ ಸೂಜಿಯೊಂದು ಮೂತಿಯ ರಂಧ್ರವನ್ನು ಮುಚ್ಚಿಕೊಂಡಿರುತ್ತದೆ. ಆ ರಂಧ್ರ ಮಿಲಿಮೀಟರಿನ ಹತ್ತನೆಯ ಎರಡು ಭಾಗದಿಂದ ಐದು ಭಾಗದಷ್ಟು. ಬೆರಳಿನಿಂದ ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಹತ್ತಿರ ಹಿಡಿದರೆ ಕೂದಲೆಳೆಯ ಗೆರೆ, ಒಂದು ಗೇಣು ದೂರ ಹಿಡಿದರೆ ಮಂಜಿನಂಥ ಹರಹು. ಕೈ ಮೊದಲು ಚಲಿಸಬೇಕು, ಆಮೇಲೆ ಬಣ್ಣ ಬಿಡಬೇಕು. ಬಣ್ಣ ಮೊದಲು ನಿಲ್ಲಬೇಕು, ಆಮೇಲೆ ಕೈ. ತಪ್ಪಿದರೆ ಗೆರೆಯ ಎರಡು ತುದಿಯಲ್ಲಿಯೂ ಬೊಟ್ಟು ಬೀಳುತ್ತದೆ. ಒಂದೇ ಜಾಗದಲ್ಲಿ ತಡೆದರೆ ಹಸಿ ಬಣ್ಣ ಜೇಡನ ಕಾಲಿನಂತೆ ನಾಲ್ಕು ಕಡೆ ಹರಿಯುತ್ತದೆ. ಈ ಹದ ತಿಂಗಳುಗಟ್ಟಲೆ ಹಳೆಯ ಕಾಗದದ ಮೇಲೆ ಚುಕ್ಕೆ ಗೆರೆಗಳನ್ನು ಹಾಕಿದ ಮೇಲೆ ಬರುವಂಥದು.

ಹೆಲ್ಮೆಟ್ಟಿನ ಮೇಲೆ ಬರೆಯುವುದಕ್ಕೆ ಮುಂಚೆ ಮುಖದ ಗಾಜನ್ನೂ ಅಂಚಿನ ರಬ್ಬರನ್ನೂ ಕಳಚಿ, ಸಾಬೂನು ನೀರಿನಿಂದ ತೊಳೆದು, ಬಹು ನುಣುಪಾದ ನೀರುಕಾಗದದಿಂದ ಹೊಳಪು ಮಾಯುವಷ್ಟೇ ಉಜ್ಜುತ್ತಾರೆ. ಉಜ್ಜದಿದ್ದರೆ ಬಣ್ಣಕ್ಕೆ ಹಿಡಿತವಿಲ್ಲ. ನೆತ್ತಿಯ ಮೇಲೆ ದಾರ ಹಿಡಿದು ನಡುಗೆರೆ ಹಾಕಿಕೊಳ್ಳಬೇಕು. ದುಂಡನೆಯ ಮೈಮೇಲೆ ನೇರ ಪಟ್ಟಿ ನೇರವಾಗಿ ಕಾಣುವುದಿಲ್ಲ; ಮದುವೆಯ ಐರಣಿ ಗಡಿಗೆಗಳಿಗೆ ಚಿತ್ರ ಬರೆಯುವವರು ಈ ಕಷ್ಟವನ್ನು ಬಲ್ಲರು. ಬಣ್ಣ ಬೀಳಬಾರದ ಕಡೆ ಅಂಟುಪಟ್ಟಿ. ತೆಳು ಹಾಳೆಯಲ್ಲಿ ಆಕೃತಿ ಕತ್ತರಿಸಿ ಇಟ್ಟು ಒಂದೊಂದೇ ಬಣ್ಣ. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಕೊನೆಗೆ ಎಲ್ಲವನ್ನೂ ಕಾಪಾಡುವ ಗಾಜಿನಂಥ ಲೇಪ. ಒಣಗಿದ ಮೇಲೆ ಮತ್ತೆ ಉಜ್ಜಿ ಹೊಳಪು. ಈ ಕೊನೆಯ ಲೇಪಗಳಲ್ಲಿ ಕೆಲವು ಉಸಿರಿನೊಳಗೆ ಹೋದರೆ ಉಬ್ಬಸ ತರುವಂಥವು. ಮೂಗಿಗೆ ಕಟ್ಟಿದ ಕರವಸ್ತ್ರ ಆ ಆವಿಯನ್ನು ತಡೆಯದು. ಅದಕ್ಕೆಂದೇ ಮಾಡಿದ ಮುಖವಾಡ ಬೇಕು. ಸವಾರನ ಮುಖ ಮುಚ್ಚಿದ್ದಕ್ಕೆ ಬಂದ ಕಲೆ ಕಲಾವಿದನ ಮುಖವನ್ನೂ ಮುಚ್ಚಿಸಿತು!

ಈ ಕಲೆ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಒಂದು ನಿದರ್ಶನ ಸಾಕು. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಸಿಡ್ ಮೋಸ್ಕಾ ಎಂಬ ಬಣ್ಣಗಾರನಿದ್ದ. ಐರ್ಟನ್ ಸೆನ್ನಾ ಎಂಬ ತರುಣನಿಗೆ ಅವನು ಹಳದಿಯ ಮೇಲೆ ಹಸುರು ನೀಲಿ ಪಟ್ಟೆಗಳಿರುವ ಹೆಲ್ಮೆಟ್ಟನ್ನು ಬರೆದುಕೊಟ್ಟ. ಸೆನ್ನಾ ಮೂರು ಸಲ ಜಗಜ್ಜೇತನಾದ. ತಂಡ ಬದಲಾಯಿತು, ಕಾರಿನ ಬಣ್ಣ ಬದಲಾಯಿತು, ತಲೆಯ ಹಳದಿ ಬದಲಾಗಲಿಲ್ಲ. 1994ರ ಮೇ 1ರಂದು ಇಟಲಿಯ ಇಮೋಲದಲ್ಲಿ ಅವನು ಅಪಘಾತದಲ್ಲಿ ಮಡಿದ. ಆ ಬಣ್ಣ ಅವನೊಡನೆ ಸಾಯಲಿಲ್ಲ. ಇಂಗ್ಲೆಂಡಿನ ಲೂಯಿಸ್ ಹ್ಯಾಮಿಲ್ಟನ್ ಅವನ ಮೇಲಿನ ಭಕ್ತಿಯಿಂದ ಹಳದಿ ಹೆಲ್ಮೆಟ್ಟನ್ನೇ ಆರಿಸಿಕೊಂಡ. ಮುಂದೆ ಕೆಲವರು ಪ್ರತಿ ಪಂದ್ಯಕ್ಕೂ ಹೊಸ ಚಿತ್ರ ಬರೆಸತೊಡಗಿದಾಗ ನೋಡುವವರಿಗೆ ಗುರುತು ಸಿಕ್ಕದೆ ಗೊಂದಲವಾಯಿತು. 2015ರಲ್ಲಿ ಪಂದ್ಯದ ಆಡಳಿತ ವರ್ಷದ ನಡುವೆ ಚಿತ್ರ ಬದಲಾಯಿಸಬಾರದೆಂದು ಕಟ್ಟಳೆ ಮಾಡಿತು. ಆ ಕಟ್ಟಳೆ 2020ರ ಹೊತ್ತಿಗೆ ಹೋಯಿತು. ಆದರೆ ಅದು ಹುಟ್ಟಿದ ಕಾರಣ ಉತ್ತರಕುಮಾರನಿಗೂ ಅರ್ಥವಾಗುವಂಥದು: ಧ್ವಜ ದಿನಕ್ಕೊಂದಾದರೆ ಭೀಷ್ಮನಾರು, ದ್ರೋಣನಾರು?

ನಮ್ಮ ನಾಡಿನವರೂ ಈ ಪಂದ್ಯಗಳಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ಎಂಬ ಘೋರವಾದ ದೂರದೋಟವನ್ನು ಮೋಟರ್ ಸೈಕಲ್ಲಿನ ಮೇಲೆ ಪೂರೈಸಿದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳಾ ವಿಭಾಗದ ವಿಶ್ವಕಪ್ಪನ್ನು ಗೆದ್ದರು. ಇಂಥವರ ಚಿತ್ರಗಳನ್ನು ಕೈಫೋನಿನಲ್ಲಿ ನೋಡಿದ ನಮ್ಮ ಹುಡುಗರು ಸೇಡಮ್ಮಿನ ಬಣ್ಣದ ಅಂಗಡಿಗೆ ಹೆಲ್ಮೆಟ್ ಹಿಡಿದು ಬಂದರೆ ಆಶ್ಚರ್ಯವೇನು?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾಗದು. ನನ್ನ ಶಿಷ್ಯ ಆರಂಭದಲ್ಲಿ ಒಂದು ತಪ್ಪು ಮಾಡಿದ. ಅಗ್ಗದ ಪ್ಲಾಸ್ಟಿಕ್ ಹೆಲ್ಮೆಟ್ಟೊಂದನ್ನು ಲಾರಿಗೆ ಮಾಡುವಂತೆಯೇ ಥಿನ್ನರಿನಿಂದ ಒರೆಸಿ, ಥಿನ್ನರು ಬೆರೆಸಿದ ಬಣ್ಣವನ್ನೇ ಹೊಡೆದ. ಬೆಂಕಿಯ ನಾಲಗೆಗಳು ಬಹಳ ಅಂದವಾಗಿ ಬಂದುವು. ಕೆಲವು ದಿನಗಳಲ್ಲಿ ಅಂಚಿನ ಬಳಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಕಾಣಿಸಿಕೊಂಡುವು. ಥಿನ್ನರು ಕೆಲವು ಬಗೆಯ ಪ್ಲಾಸ್ಟಿಕ್ ಚಿಪ್ಪನ್ನು ಒಳಗೊಳಗೇ ಪೆಡಸು ಮಾಡುತ್ತದೆ. ಒಳಗೆ ಪೆಟ್ಟನ್ನು ನುಂಗಲು ಇಟ್ಟಿರುವ ಥರ್ಮಾಕೋಲಂತೂ ಪೆಟ್ರೋಲು, ಥಿನ್ನರು ತಗಲಿದರೆ ಕರಗಿಯೇ ಹೋಗುತ್ತದೆ. ಅವನು ಆ ಹುಡುಗನಿಗೆ ಹಣ ಹಿಂದಿರುಗಿಸಿ, ಮೇಲೆ ತಾನೇ ಒಂದು ಹೊಸದನ್ನು ಕೊಂಡುಕೊಟ್ಟು, ಬಿರಿದದ್ದನ್ನು ಯಾರೂ ಧರಿಸಬಾರದೆಂದು ಸುತ್ತಿಗೆಯಿಂದ ಒಡೆದುಹಾಕಿದ.

“ಬಣ್ಣ ಕೆಟ್ರ ತಿದ್ದಬಹುದ್ರೀ ಸರ್. ತಲಿ ಕೆಟ್ರ ಹ್ಯಾಂಗ?” ಎಂದ.

ಅಂದಿನಿಂದ ಅವನು ಚಿಪ್ಪು ಯಾವುದರಿಂದ ಆದದ್ದೆಂದು ನೋಡುತ್ತಾನೆ. ಹೆಲ್ಮೆಟ್ಟಿನ ಒಳಗೆ ಅಂಟಿಸಿದ ತಯಾರಕರ ಚೀಟಿಯನ್ನು ಓದುತ್ತಾನೆ. ಬಣ್ಣ ಬೇಡವೆಂದಿದ್ದರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಐ.ಎಸ್. 4151 ಎಂಬ ಮಾನಕದ ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ಅಂಗಡಿಯ ಒಳಗೇ ಬಿಡುವುದಿಲ್ಲ. ಬಣ್ಣದ ಹದ ಚೆನ್ನಾಗಿ ಬಲ್ಲವನಿಗೆ ನಿರಾಕರಿಸುವ ಹದವೂ ಬಂದಿದೆ. ವಾಚಕರಲ್ಲಿ ಯಾರಾದರೂ ಮಕ್ಕಳ ಹಠಕ್ಕೆ ಹೆಲ್ಮೆಟ್ಟಿಗೆ ಬಣ್ಣ ಹಾಕಿಸಹೊರಟರೆ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ವಿನಂತಿ.

ಹಾಗಾದರೆ ಬಣ್ಣವೇ ಬೇಡವೆನ್ನೋಣವೇ? ನಾನು ಮೊದಲು ಹಾಗೆಯೇ ಎಂದುಕೊಂಡಿದ್ದೆ. ಆದರೆ ನಮ್ಮ ಕಲಬುರಗಿ ಸೀಮೆಯ ಬಿಸಿಲು ವಾಚಕರಿಗೆ ತಿಳಿಯದ್ದಲ್ಲ. ಇಲ್ಲಿನ ಹುಡುಗರು ಹೆಲ್ಮೆಟ್ಟನ್ನು ಕೊಳ್ಳುತ್ತಾರೆ. ಕೊಂಡು ಮೋಟರ್ ಸೈಕಲ್ಲಿನ ಹಿಡಿಗೆ ತೂಗುಹಾಕುತ್ತಾರೆ. ಪೊಲೀಸರು ಕಂಡಾಗ ಮಾತ್ರ ತಲೆಗೇರಿಸುತ್ತಾರೆ. ಸಿಮೆಂಟಿನ ಲಾರಿಗಳು ಹಗಲಿರುಳು ಓಡುವ ರಸ್ತೆಯಲ್ಲಿ ತೂಗುಹಾಕಿದ ಹೆಲ್ಮೆಟ್ಟು ಯಾರ ತಲೆಯನ್ನು ಉಳಿಸೀತು? ಆ ಗರುಡನನ್ನು ಬರೆಸಿಕೊಂಡ ಹುಡುಗನನ್ನು ನಾನು ಆಮೇಲೆ ಅನೇಕ ಸಲ ನೋಡಿದ್ದೇನೆ. ಅವನು ಅದನ್ನು ಒಮ್ಮೆಯೂ ಹಿಡಿಗೆ ತೂಗುಹಾಕಿದ್ದನ್ನು ಕಾಣೆ. ಶೋಕಿ ಎಂದು ನಾನು ಹಳಿದದ್ದು ಅವನ ತಲೆಯನ್ನು ಕಾಯುತ್ತಿದೆ. ಕಾಯಿದೆ ಹೇಳಿದ್ದನ್ನು ಕೇಳದವನು ಗರುಡನ ಮಾತು ಕೇಳಿದ.

ಮೊನ್ನೆ ಸಂಜೆ ಕುರಕುಂಟೆಯ ರಸ್ತೆಯ ಬದಿಯಲ್ಲಿ ನಿಂತಿದ್ದೆ. ದೂರದಿಂದ ಮೋಟರ್ ಸೈಕಲ್ಲುಗಳು ಬರುತ್ತಿದ್ದುವು. ಪಕ್ಕದಲ್ಲಿ ಅವ್ವನ ಕೈ ಹಿಡಿದು ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ನನಗೆ ಏನೂ ಕಾಣುವ ಮೊದಲೇ “ಅಣ್ಣ ಬಂದ, ಅಣ್ಣ ಬಂದ” ಎಂದು ಕುಣಿದಳು. ಬಿಳಿಯ ರೆಕ್ಕೆಗಳು ನನ್ನ ಕಣ್ಣಿಗೆ ಬಿದ್ದುದು ಆಮೇಲೆ.